ಕಾಲಿಗೆ ಕಟ್ಟಿದ ರೆಕ್ಕೆ

ಗಾಳಿಪಟದ ಪ್ರಯೋಗದಿಂದ ಹೆಸರಾದ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಈಜುವುದಕ್ಕೆಂದು ಮರದ ಎರಡು ಹಲಗೆಗಳನ್ನು ಮಾಡಿಕೊಂಡಿದ್ದರು. ಸುಮಾರು 10 ಅಂಗುಲ ಉದ್ದ, 6 ಅಂಗುಲ ಅಗಲ, ಹೆಬ್ಬೆರಳು ತೂರಿಸಲು ಒಂದು ತೂತು. ವೇಗವೇನೋ ಹೆಚ್ಚಿತು, ಮಣಿಕಟ್ಟು ಸೋತಿತು. ಅಂಗಾಲಿಗೂ ಅಂಥವನ್ನೇ ಕಟ್ಟಿ ನೋಡಿದರು; ಹಿಡಿಸಲಿಲ್ಲ. ಈಜುವವನು ಪಾದದ ಒಳಬದಿಯಿಂದಲೂ ಕಣಕಾಲಿನಿಂದಲೂ ನೀರನ್ನು ಒದೆಯುತ್ತಾನೆ ಎಂದು ಕಾರಣವನ್ನೂ ಬರೆದಿಟ್ಟರು. ಈಜುರೆಕ್ಕೆಗಳನ್ನು ಹೋಲಿಸಿ ನೋಡುವ ಚಪಲ ಅಷ್ಟು ಹಳೆಯದು.

ಇಂದಿನ ರಬ್ಬರಿನ ರೆಕ್ಕೆಗೆ, ಮುಳುಗುಗಾರರ ಮಾತಿನಲ್ಲಿ ‘ಫಿನ್’ಗೆ, 1933ರಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ನೌಕಾಧಿಕಾರಿ ಲೂಯಿ ದ ಕೊರ್ಲಿಯೊ. ಅಮೆರಿಕದ ಓವೆನ್ ಚರ್ಚಿಲ್ ಅವರಿಂದ ಪರವಾನಗಿ ಪಡೆದು ಅದನ್ನು ಮಾರುಕಟ್ಟೆಗೆ ತಂದರು. ಎರಡನೆಯ ಮಹಾಯುದ್ಧದ ಮುಳುಗು ಸೈನಿಕರು ಅದನ್ನು ತೊಟ್ಟರು. ಆಮೇಲೆ ಬಂದ ಬಗೆಗಳಿಗೆ ಲೆಕ್ಕವಿಲ್ಲ.

ಇವುಗಳಲ್ಲಿ ಯಾವುದು ಮೇಲು? ಬಹುಮಂದಿ ವೇಗವನ್ನೇ ಕೇಳುತ್ತಾರೆ. ನನಗೆ ಅದು ತಪ್ಪು ಪ್ರಶ್ನೆಯೆಂದು ತೋರುತ್ತದೆ. ನೀರಿನೊಳಗೆ ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟು, ಅದಕ್ಕೆ ವ್ಯಯವಾಗುವ ಶಕ್ತಿ ಸುಮಾರು ಎಂಟರಷ್ಟು. ಶಕ್ತಿಯ ಬೆಲೆಯನ್ನು ತೆರುವುದು ಉಸಿರು; ಬೆನ್ನಿನ ಸಿಲಿಂಡರಿನಲ್ಲಿರುವುದು ಎಣಿಸಿಟ್ಟ ಗಾಳಿ. ಆದ್ದರಿಂದ ಕೇಳಬೇಕಾದದ್ದು, ಇದೇ ದೂರವನ್ನು ಎಷ್ಟು ಕಡಿಮೆ ಉಸಿರಿನಲ್ಲಿ ಕ್ರಮಿಸಬಹುದು ಎಂಬುದು.

ಸ್ವಲ್ಪ ನೀರನ್ನು ರಭಸದಿಂದ ತಳ್ಳಿದರೂ, ಹೆಚ್ಚು ನೀರನ್ನು ನಿಧಾನವಾಗಿ ತಳ್ಳಿದರೂ ಮುನ್ನೂಕುವ ಬಲ ಒಂದೇ ಆಗಬಹುದು. ಆದರೆ ಮೊದಲನೆಯದರಲ್ಲಿ ಶಕ್ತಿಯ ಬಹುಪಾಲು ನೀರನ್ನು ಕಲಕುವುದರಲ್ಲೇ ಸೋರಿಹೋಗುತ್ತದೆ. ದೊಡ್ಡ ಅಲಗಿನ ಗುಟ್ಟು ಇದು. ಹಾಗೆಂದು ಅಲಗನ್ನು ಬೆಳೆಸುತ್ತ ಹೋಗುವಂತಿಲ್ಲ. ಬಹಳ ಬಿರುಸಾದರೆ ತೊಡೆ ಸೋಲುತ್ತದೆ, ಬಹಳ ಮೆತ್ತಗಾದರೆ ನೀರು ಅಂಚಿನಿಂದ ಜಾರಿಹೋಗುತ್ತದೆ.

ಒಂದೇ ಉಸಿರಿನಲ್ಲಿ ಆಳಕ್ಕಿಳಿಯುವವರು ನೀಳವಾದ ಅಲಗನ್ನು ಆರಿಸುತ್ತಾರೆ, ಕೆಲವರು ಇಂಗಾಲದ ನಾರಿನದನ್ನು. ಅವರ ಒದೆತ ನಿಧಾನ, ವಿಶಾಲ. ಎರಡೂ ಪಾದಗಳನ್ನು ಒಂದೇ ಅಲಗಿಗೆ ಸೇರಿಸಿ ಡಾಲ್ಫಿನ್ನಿನಂತೆ ಇಡೀ ಮೈ ಬಳುಕಿಸುವ ಒಂಟಿ ರೆಕ್ಕೆಯೂ ಉಂಟು. ಆಳದ ದಾಖಲೆಗಳಲ್ಲಿ ಅದು ಜೋಡಿ ರೆಕ್ಕೆಯನ್ನು ಮೀರಿದೆ. ಆದರೆ ಬೆನ್ನಿಗೆ ಸಿಲಿಂಡರು ಹೊತ್ತು ಬಂಡೆಯ ಸಂದಿನಲ್ಲಿ ತಿರುಗಬೇಕಾದವನಿಗೆ ಅದರಿಂದ ಏನು ಸುಖ?

1990ರ ದಶಕದ ಕೊನೆಗೆ ಬಂದ ಸೀಳು ಅಲಗಿನ ರೆಕ್ಕೆ ಕಾಲಿಗೆ ಹಗುರ. ಮೊಣಕಾಲು ನೋವಿನವರು ಅದನ್ನು ಮೆಚ್ಚುತ್ತಾರೆ. ನಾನೂ ತೊಟ್ಟು ನೋಡಿದ್ದೇನೆ. ಕಾಲು ಏನನ್ನೂ ತಳ್ಳುತ್ತಿಲ್ಲವೇನೋ ಎಂಬ ಅನುಮಾನ, ಆದರೂ ಮೈ ಮುಂದೆ ಸಾಗುತ್ತಿರುತ್ತದೆ. ಕಪ್ಪೆಯಂತೆ ಒದೆಯಲು, ಹಿಂದಕ್ಕೆ ಸರಿಯಲು ಹೋದಾಗ ಮಾತ್ರ ಅದು ಕೈಕೊಡುತ್ತದೆ. ಫ್ರೆಂಚರಾದ ಜಾರ್ಜ್ ಬ್ಯೂಷಾ 1960ರ ದಶಕದಲ್ಲಿ ರೂಪಿಸಿದ ‘ಜೆಟ್‌ಫಿನ್’ ಇದಕ್ಕೆ ತದ್ವಿರುದ್ಧ. ಗಿಡ್ಡ, ಭಾರ, ಬಿರುಸು. ಅಲಗಿನ ಬುಡದಲ್ಲಿ ನೀರು ನುಸುಳಲು ಕಂಡಿಗಳು. ಮುಳುಗಿದ ಹಡಗಿನ ಒಡಲಿಗೂ ನೀರ್ಗವಿಗೂ ಹೊಗುವವರು ಇಂದಿಗೂ ಇಂಥದ್ದನ್ನೇ ಬಯಸುತ್ತಾರೆ. ಅಲ್ಲಿ ಅಲಗನ್ನು ಮೇಲೆ ಕೆಳಗೆ ಬೀಸಿದರೆ ತಳದ ಹೂಳೆದ್ದು, ಬಂದ ದಾರಿಯೇ ಕಾಣದಾಗುತ್ತದೆ. ಕಪ್ಪೆಯೊದೆತ ನೀರನ್ನು ಹಿಂದಕ್ಕೆ ತಳ್ಳುತ್ತದೆ, ತಳಕ್ಕಲ್ಲ. ಅಲ್ಲಿ ನಿಧಾನವೇ ಜೀವರಕ್ಷೆ.

ಅಂಗಡಿಯವರು ಹೆಚ್ಚು ಹೇಳದ ಸಂಗತಿ ಒಂದಿದೆ: ಪಾದ ಕೂರುವ ಗೂಡು. ಅದು ಸಡಿಲವಾದರೆ ಒದೆತದ ಬಲ ಅಲಗಿಗೆ ತಲುಪುವ ಮೊದಲೇ ಸೋರುತ್ತದೆ. ಬಿಗಿಯಾದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ನೀರಿಗಿಳಿಯುವ ಮುನ್ನ ನಾನು ಅಲಗನ್ನು ನೋಡುವುದು ಆಮೇಲೆ. ಮೊದಲು ಹಿಮ್ಮಡಿಯ ಪಟ್ಟಿಯನ್ನು ಎಳೆದು ನೋಡುತ್ತೇನೆ.