ಮಳೆ ತಿಳಿಯಾದ ಮೇಲೆ

ಮಳೆನೀರಿಗಿಂತ ನಿರ್ಮಲವಾದ ನೀರಿಲ್ಲವೆಂಬುದು ನಮ್ಮ ಹಿರಿಯರ ನಂಬಿಕೆ. ಈ ನಂಬಿಕೆಗೆ ಪೆಟ್ಟು ಬಿದ್ದದ್ದು ಹೊಗೆಗೊಳವೆಗಳ ನಾಡಾದ ಬ್ರಿಟನ್ನಿನಲ್ಲಿ. ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಜ್ಞನು 1872ರ ತನ್ನ ಗ್ರಂಥದಲ್ಲಿ 'ಆಮ್ಲಮಳೆ' ಎಂಬ ಮಾತನ್ನು ಬಳಸಿದನು. ಕಲ್ಲಿದ್ದಲು ಉರಿದಾಗ ಏಳುವ ಗಂಧಕದ ಅನಿಲವು ಗಾಳಿಯಲ್ಲಿ ಮಾರ್ಪಟ್ಟು, ಗಂಧಕಾಮ್ಲವಾಗಿ ಮಳೆಯೊಡನೆ ನೆಲಕ್ಕಿಳಿಯುತ್ತದೆ. ಹೀಗೆ ಇಳಿದದ್ದು ನೆಲದಲ್ಲಿ ಏನು ಮಾಡುತ್ತದೆ, ಹೊಗೆ ನಿಂತರೆ ನೆಲ ಚೇತರಿಸಿಕೊಳ್ಳುವುದೆ ಎಂಬುದೇ ಇಂದಿನ ಪ್ರಶ್ನೆ.

ಇದಕ್ಕೆ ಉತ್ತರ ದೊರೆತದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಎಂಬ ಬೆಟ್ಟದ ಕಾಡಿನಲ್ಲಿ. ಕಾರ್ಖಾನೆಗಳಿಂದ ದೂರವಿದ್ದ ಆ ಕಾಡಿನಲ್ಲಿ ಜೀನ್ ಲೈಕನ್ಸ್, ಹರ್ಬರ್ಟ್ ಬೋರ್ಮನ್ ಮೊದಲಾದವರು 1963ರಿಂದ ಮಳೆಯನ್ನೂ ತೊರೆಯ ನೀರನ್ನೂ ಪರೀಕ್ಷಿಸತೊಡಗಿದರು. ಶುದ್ಧ ಮಳೆಯ ಪಿಎಚ್ ಅಂಕ ಸುಮಾರು 5.6, ಅಲ್ಲಿ ಸುರಿಯುತ್ತಿದ್ದುದು 4ರ ಆಸುಪಾಸಿನದು. ಒಂದು ಅಂಕ ಇಳಿದರೆ ಆಮ್ಲತೆ ಹತ್ತುಮಡಿಯಾಗುವುದೆಂಬುದನ್ನು ನೆನೆದರೆ ಇದರ ತೀವ್ರತೆ ತಿಳಿದೀತು.

1990ರಲ್ಲಿ ಅಮೆರಿಕ ತನ್ನ ವಾಯುಶುದ್ಧಿ ಕಾನೂನನ್ನು ಬಿಗಿಗೊಳಿಸಿತು. ಗಂಧಕದ ಹೊಗೆ ತಗ್ಗಿತು, ಮಳೆಯೂ ತಿಳಿಯಾಗುತ್ತ ಬಂದಿತು. ಆದರೆ ತೊರೆಯ ಆಮ್ಲತೆ ಅದೇ ವೇಗದಲ್ಲಿ ಇಳಿಯಲಿಲ್ಲ. ಮರಗಳೂ ನಿರೀಕ್ಷಿಸಿದಂತೆ ಬೆಳೆಯಲಿಲ್ಲ. ಕಾರಣವನ್ನು ಲೈಕನ್ಸರೂ ಸಂಗಡಿಗರೂ 1996ರಲ್ಲಿ ತೋರಿಸಿಕೊಟ್ಟರು. ಮಣ್ಣಿನ ಕಣಗಳಿಗೆ ಅಂಟಿಕೊಂಡಿರುವ ಕ್ಯಾಲ್ಸಿಯಂ ಆಮ್ಲವನ್ನು ತಡೆಯುವ ಮೂಲಧನ. ದಶಕಗಳ ಮಳೆ ಅದನ್ನು ತೊಳೆದು ಹೊಳೆಗೆ ಸಾಗಿಸಿತ್ತು. ಅದು ಕರಗಿದಂತೆಲ್ಲ ಅಲ್ಯೂಮಿನಿಯಂ ಬಿಡುಗಡೆಯಾಗಿ ಬೇರುಗಳಿಗೂ ಮೀನಿನ ಕಿವಿರುಗಳಿಗೂ ವಿಷವಾಗುತ್ತದೆ. ಬಂಡೆ ಸವೆದು ಹೊಸ ಕ್ಯಾಲ್ಸಿಯಂ ಒದಗುವುದು ಅತಿ ನಿಧಾನ. ಆಕಾಶದ ಕೊಳೆ ಕಾನೂನಿನಿಂದ ಕಳೆಯಿತು. ನೆಲದ ಸಾಲ ಮಾತ್ರ ಉಳಿಯಿತು.

1999ರ ಅಕ್ಟೋಬರಿನಲ್ಲಿ, ಹನ್ನೆರಡು ಹೆಕ್ಟೇರಿನಷ್ಟು ಜಲಾನಯನದ ಮೇಲೆ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಂ ಸಿಲಿಕೇಟ್ ಎರಚಿ, ಕಳೆದುಹೋದುದನ್ನು ಮರಳಿಸುವ ಪ್ರಯೋಗ ನಡೆಯಿತು. ಸೊರಗಿದ್ದ ಸಕ್ಕರೆ ಮೇಪಲ್ ಮರಗಳು ಚೇತರಿಸಿಕೊಂಡವು, ಸಸಿಗಳು ಹೆಚ್ಚಿದವು. ಕೆಂಪು ಸ್ಪ್ರೂಸ್ ಮರಗಳು 2003ರ ಕಠಿಣ ಚಳಿಯನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡವು. ರೋಗ ಇಂಥದೇ ಎಂದು ಮದ್ದೇ ಸಾರಿತು. ಆದರೆ ಸುಮಾರು ಒಂದು ದಶಕದ ಬಳಿಕ ಅದೇ ಜಲಾನಯನದಿಂದ ಸಾರಜನಕ ಹೆಚ್ಚಾಗಿ ತೊರೆಗೆ ಸೋರತೊಡಗಿತು. ಮದ್ದಿಗೂ ಅದರದೇ ಪಥ್ಯವುಂಟು.

ಆದ್ದರಿಂದ, ಕೆಡಿಸಿ ಆಮೇಲೆ ಸರಿಪಡಿಸಿದರಾಯಿತೆಂಬ ಮಾತು ಪ್ರಕೃತಿಯ ವಿಷಯದಲ್ಲಿ ಅರ್ಧಸತ್ಯವಷ್ಟೆ. ಹೊಗೆಯನ್ನು ತಡೆದದ್ದು ವ್ಯರ್ಥವಾಗಲಿಲ್ಲ. ಅದಿಲ್ಲದೆ ಯಾವ ಚೇತರಿಕೆಯೂ ಇಲ್ಲ. ಆದರೆ ಅದು ಸಾಲವನ್ನು ನಿಲ್ಲಿಸುತ್ತದೆಯೇ ಹೊರತು ತೀರಿಸುವುದಿಲ್ಲ. ತೀರಿಸುವ ಕೆಲಸ ಬಂಡೆಯದು, ಬೇರಿನದು. ಅವು ನಡೆಯುವುದು ತಲೆಮಾರುಗಳ ಲೆಕ್ಕದಲ್ಲಿ.