ಹಿರಿಯರ ಮೂತ್ರದ ತೊಂದರೆಯೂ ಸ್ಕ್ಯಾನಿನ ಉಪಯೋಗವೂ
(ಅಲಖನೂರದ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕಬ್ಬಿನ ಬೀಜೋಪಚಾರದ ವಿಷಯ ಹೇಳಬೇಕೆಂದು ಬಂದವನು ಇಂದು ಬೇರೆ ಮಾತು ಎತ್ತುತ್ತಿದ್ದೇನೆ. ಹೋದ ವಾರ ರಾತ್ರಿ ನೀರು ಹಾಯಿಸುತ್ತಿದ್ದ ಒಬ್ಬ ಕಾಕಾ ನನ್ನೆದುರಿಗೇ ನಾಲ್ಕು ಸಲ ಮೂತ್ರಕ್ಕೆ ಎದ್ದರು. ಕೇಳಿದರೆ, "ತಮ್ಮಾ, ವಯಸ್ಸಾತು, ಇದು ಇರೂದ" ಎಂದರು. ಆಮೇಲೆ ದನಿ ತಗ್ಗಿಸಿ ಉಳಿದದ್ದನ್ನೂ ಹೇಳಿದರು. ಹೊಟ್ಟೆಯ ಸ್ಕ್ಯಾನ್ ಆಗಿದೆ. ಗ್ರಂಥಿ ದೊಡ್ಡದಾಗಿದೆ, ರಕ್ತಪರೀಕ್ಷೆ ಮಾಡಿಸಿರಿ ಎಂದು ಚೀಟಿ ಕೊಟ್ಟಿದ್ದಾರೆ. ಮುಂದೆ ಗುದದ್ವಾರದಿಂದ ಯಂತ್ರ ಹಾಕುತ್ತಾರೆಂದು ಯಾರೋ ಅಂದರಂತೆ. ಚೀಟಿ ಮಾಡದ ಸಂದಿಗೆ ಸೇರಿತು! ಹೆಸರು ಹೇಳದೆ ಈ ಸಂಗತಿ ಹೇಳಲು ಅವರು ಒಪ್ಪಿದ್ದಾರೆ.

ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಕಲಿತವನು. ತಿಳಿದವರನ್ನು ಕೇಳಿ ಹೇಳುತ್ತಿದ್ದೇನೆ.

ಗಂಡಸರಿಗೆ ಮೂತ್ರಚೀಲದ ಕೆಳಗೆ, ಗುದನಾಳದ ಮುಂದೆ, ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದೆ. ನೆಲ್ಲಿಕಾಯಿಯ ಗಾತ್ರ, ಸುಮಾರು 20 ಗ್ರಾಂ ತೂಕ. ಮೂತ್ರದ ನಾಳ ಇದರ ನಡುವೆ ಹಾಯುತ್ತದೆ. ವಯಸ್ಸಾದಂತೆ ಗ್ರಂಥಿ ಬೆಳೆದು ನಾಳವನ್ನು ಒತ್ತುತ್ತದೆ. ಬಹುಮಟ್ಟಿಗೆ ಇದು ಕ್ಯಾನ್ಸರ್ ಅಲ್ಲ. ಕೆಲವರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ, ಅದೂ ಮೊದಲಿಗೆ ಯಾವ ಸುಳಿವನ್ನೂ ಕೊಡದೆ ಇರಬಹುದು. ಹೊಟ್ಟೆಯ ಮೇಲಿನ ಸ್ಕ್ಯಾನು ಗ್ರಂಥಿಯ ಗಾತ್ರವನ್ನೂ ಒಳಗೆ ಉಳಿದ ಮೂತ್ರವನ್ನೂ ತೋರಿಸುತ್ತದೆ. ಕ್ಯಾನ್ಸರ್ ಇಲ್ಲವೆಂದು ಹೇಳಲು ಅದು ಸಾಲದು. ಅದಕ್ಕಾಗಿಯೇ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ.

ಸ್ಕ್ಯಾನ್ ಎಂದರೆ ಬಸುರಿಯರಿಗೆ ಮಾಡುವುದು ಎಂದೇ ನಮ್ಮಲ್ಲಿ ತಿಳಿದಿದ್ದಾರೆ. ಬಾವಿಗೆ ಬಗ್ಗಿ ಕೂಗಿದರೆ ದನಿ ಮರಳಿ ಬರುವುದಿಲ್ಲವೇ? ಇದೂ ಹಾಗೆಯೇ. ಕಿವಿಗೆ ಕೇಳದ ಧ್ವನಿಯನ್ನು ಒಳಗೆ ಕಳಿಸಿ, ಮರಳಿದ ಧ್ವನಿಯಿಂದ ಚಿತ್ರ ಮಾಡುತ್ತಾರೆ. ಎಕ್ಸ್‌ರೇ ಕಿರಣ ಇದರಲ್ಲಿಲ್ಲ. ಗುದನಾಳದಿಂದ ಗ್ರಂಥಿ ಬಲು ಹತ್ತಿರ. ಆದ್ದರಿಂದ ಬೆರಳಿನಂಥ ಸಲಾಕೆಯನ್ನು ಅಲ್ಲಿಂದ ಇಡುತ್ತಾರೆ. ಜಪಾನಿನ ಡಾ. ಹಿರೋಕಿ ವಟನಾಬೆ ಅವರು 1968ರ ಸುಮಾರಿಗೆ ಈ ದಾರಿಯಿಂದ ಪ್ರಯೋಜನಕ್ಕೆ ಬರುವ ಚಿತ್ರ ಪಡೆದರು.

ಇನ್ನು ಚಿಕಿತ್ಸೆ. ಕಬ್ಬಿನಲ್ಲಿ ಕಾಡಿಗೆ ರೋಗದ ಕರೀ ಚಾಟಿ ಕಂಡರೆ ಆ ಗುಂಪನ್ನು ಬುಡಸಹಿತ ಕಿತ್ತು ಸುಡುತ್ತೇವೆ. ಇಡೀ ಹೊಲಕ್ಕೆ ಬೆಂಕಿ ಹಚ್ಚುವುದಿಲ್ಲ. ಆದರೆ ಯಾವ ಗುಂಪೆಂಬುದು ಕಣ್ಣಿಗೆ ಕಾಣಬೇಕು. ಪ್ರಾಸ್ಟೇಟಿನ ಪಕ್ಕದಲ್ಲೇ ಮೂತ್ರ ತಡೆಯುವ ಸ್ನಾಯು, ನರಗಳು, ಗುದನಾಳ ಇವೆ. ಗುರಿ ತಪ್ಪಿದರೆ ಇವಕ್ಕೆ ಪೆಟ್ಟು. ಈಗ ಎಂ.ಆರ್.ಐ. ಚಿತ್ರದಲ್ಲಿ ಸಂಶಯದ ಜಾಗ ಗುರುತಿಸಿ, ಅದನ್ನು ಸ್ಕ್ಯಾನಿನ ಚಿತ್ರದೊಡನೆ ಹೊಂದಿಸಿ, ಅದೇ ಜಾಗದಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷಿಸುತ್ತಾರೆ. ಚಿಕಿತ್ಸೆಗೂ ಇದೇ ಕಣ್ಣು. 1983ರಲ್ಲಿ ಡೆನ್ಮಾರ್ಕಿನ ಡಾ. ಹೋಲ್ಮ್ ಮತ್ತು ಅವರ ಸಂಗಡಿಗರು, ಅಕ್ಕಿಕಾಳಿನಂಥ ವಿಕಿರಣದ ಬೀಜಗಳನ್ನು ಸ್ಕ್ಯಾನ್ ನೋಡುತ್ತ ಗ್ರಂಥಿಯೊಳಗೆ ಊರುವ ಕ್ರಮವನ್ನು ಪ್ರಕಟಿಸಿದರು. ಧ್ವನಿಯನ್ನೇ ಒಂದು ಬಿಂದುವಿಗೆ ಕೂಡಿಸಿ, ಬೂದುಗಾಜಿನಿಂದ ಬಿಸಿಲು ಹಿಡಿದು ಹತ್ತಿ ಸುಟ್ಟಂತೆ, ರೋಗದ ಜಾಗವನ್ನು ಸುಡುವ ವಿಧಾನವೂ ಇದೆ.

ಆದರೆ ಇದು ಎಲ್ಲರಿಗೂ ಹೊಂದುವುದಿಲ್ಲ. ರೋಗ ಹಲವು ಕಡೆ ಹರಡಿದ್ದರೆ ಇಡೀ ಗ್ರಂಥಿಗೇ ಶಸ್ತ್ರಕ್ರಿಯೆ ಅಥವಾ ವಿಕಿರಣ ಬೇಕು. ನಿಧಾನವಾಗಿ ಬೆಳೆಯುವುದಾದರೆ ಆಗಾಗ ಪರೀಕ್ಷೆ ಮಾಡುತ್ತ ಕಾಯ್ದು ನೋಡುವುದೂ ಉಂಟು. ಎಲುಬಿಗೆ ಇಳಿದ ಮೇಲೆ ಗ್ರಂಥಿಗೆ ಎಷ್ಟು ಗುರಿ ಇಟ್ಟರೂ ಅದೊಂದರಿಂದಲೇ ರೋಗ ಹೋಗದು. ಆ ಚೀಟಿ ಸಂದಿಯಲ್ಲಿರುವುದು ನನಗೆ ಸಮಾಧಾನ ಕೊಡದಿರುವುದು ಇದಕ್ಕೇ.

ಹಾಗಾದರೆ ಎಲ್ಲಿಗೆ ಹೋಗಬೇಕು? ಮೊದಲು ರಾಯಬಾಗದ ಸರ್ಕಾರಿ ಆಸ್ಪತ್ರೆಗೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವು ಇದೆ. ಅದಕ್ಕೆ ಸರ್ಕಾರಿ ವೈದ್ಯರ ಶಿಫಾರಸು ಚೀಟಿ ಬೇಕಾಗುತ್ತದೆ. ನಮ್ಮವರು ರೈಲು ಹತ್ತಿ ನೆಟ್ಟಗೆ ಮಿರಜಿಗೆ ಹೋಗುವುದು ಹಳೆಯ ರೂಢಿ. ಹೋಗಬೇಡಿರೆಂದು ನಾನು ಹೇಳುವುದಿಲ್ಲ, ಆದರೆ ಚೀಟಿ ಪಡೆದು ಕಾರ್ಡು ಎಲ್ಲಿ ನಡೆಯುತ್ತದೆಂದು ಕೇಳಿಕೊಂಡು ಹೋಗಿರಿ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿ 3ರಂದು ರಾಷ್ಟ್ರಪತಿಗಳು ಉದ್ಘಾಟಿಸಿದ್ದಾರೆ.

ಮೂತ್ರ ಪೂರ್ತಿ ಕಟ್ಟಿದರೆ, ಅಥವಾ ರಕ್ತ ಬಂದರೆ, ಸಂತೆಯ ದಿನದವರೆಗೆ ಕಾಯದೆ ಅಂದೇ ಹೊರಡಿರಿ.

ಕಾಕಾ ಬರುವ ಸೋಮವಾರ ರಾಯಬಾಗಕ್ಕೆ ಬರಲು ಒಪ್ಪಿದ್ದಾರೆ. ಗಾಡಿಯಲ್ಲಿ ಇನ್ನೂ ಮೂವರಿಗೆ ಜಾಗವಿದೆ. ಬರುವವರು ನನ್ನ ಕಿವಿಯಲ್ಲಿ ಹೇಳಿದರೆ ಸಾಕು, ಹೆಸರನ್ನು ಪಂಚಾಯತಿಯ ಹಲಗೆಯ ಮೇಲೆ ಬರೆಯುವುದಿಲ್ಲ. ಬೀಜೋಪಚಾರದ ಮಾತು ಮುಂದಿನ ಕೂಟಕ್ಕೆ.