ಹಣ್ಣಿನ ಬೆಲೆ ಬೇರೆ, ಸಾಗಾಣಿಕೆ ಬೇರೆ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ನಾವು ಭಾಷಣಕಾರರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದವರು. ಆದರೆ ನಿರ್ದೇಶಕರಾದ ಮೇಲೆ ಲೆಕ್ಕ ಒಪ್ಪಿಸಬೇಕಾದ್ದು ಧರ್ಮ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದ ದೊಡ್ಡ ಬಂಡವಾಳ ನಂಬಿಕೆ. ಇವತ್ತಿನ ನಮ್ಮ ಮಾತೂ ನಂಬಿಕೆಯದೇ.

ಸಂಘದಿಂದ ಚಕ್ಕೋತ, ರಾಗಿ ಹಿಟ್ಟನ್ನು ಆನ್‌ಲೈನ್‌ನಲ್ಲಿ ಮಾರೋಕೆ ಶುರು ಮಾಡಿದ ಮೇಲೆ ಗಿರಾಕಿಗಳಿಂದ ಬರುವ ದೂರು ಒಂದೇ: "ಹಣ್ಣಿಗಿಂತ ಕಳಿಸೋ ಖರ್ಚೇ ಜಾಸ್ತಿ ಆಯ್ತಲ್ರೀ! ವಿಮಾನ ನಿಲ್ದಾಣ ನಿಮ್ಮ ಮಗ್ಗುಲಲ್ಲೇ ಇದೆಯಲ್ಲ?" ನಿಲ್ದಾಣ 2008ರಲ್ಲಿ ಬಂತು, ನಿಜ. ಆದರೆ ವಿಮಾನ ನಮ್ಮ ತೋಟದ ಬದುವಿನಲ್ಲಿ ನಿಂತು ಹಣ್ಣು ಹತ್ತಿಸಿಕೊಳ್ಳಲ್ಲ. ರಟ್ಟಿನ ಪೆಟ್ಟಿಗೆ, ತುಂಬುವ ಕೂಲಿ, ಊರಿಂದ ಕೊರಿಯರ್ ಕಚೇರಿಗೆ ಆಟೋ, ಅಲ್ಲಿಂದ ವಿಂಗಡಣೆ ಕೇಂದ್ರ, ಆಮೇಲೆ ದೂರದ ಊರು, ಕೊನೆಗೆ ಗಿರಾಕಿಯ ಬಾಗಿಲು. ಇಷ್ಟೂ ಕೈಗಳಿಗೆ ಕೂಲಿ ಸಲ್ಲಬೇಕು.

ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು. ಅದರ ಮಳಿಗೆಗೆ ಗಿರಾಕಿಯೇ ಚೀಲ ಹಿಡಿದು ಬರುತ್ತಾನೆ. ಕೊನೆಯ ಮೈಲಿಯ ಖರ್ಚು ಅವನದೇ, ಆದರೆ ಯಾವ ಬಿಲ್ಲಿನಲ್ಲೂ ಕಾಣಲ್ಲ. ಮನೆಗೇ ಕಳಿಸಿದಾಗ ಅದೇ ಖರ್ಚು ಕಾಗದದ ಮೇಲೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಗುಟ್ಟು ತೂಕದ್ದು. ಹುಲ್ಲಿನ ಗಾಡಿ ನೆನೆಸಿಕೊಳ್ಳಿ. ತೂಕ ಕಮ್ಮಿ, ಗಾಡಿ ಮಾತ್ರ ಭರ್ತಿ. ಬಾಡಿಗೆ ಕೊಡದೆ ಇರೋಕಾಗುತ್ತಾ? ಅನೇಕ ಕೊರಿಯರ್‌ನವರ ಲೆಕ್ಕವೂ ಹಾಗೇ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಕಿಲೋ, ತಕ್ಕಡಿಯ ಕಿಲೋ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ನಾಲ್ಕು ಚಕ್ಕೋತಕ್ಕೆ ನಾವು ಬಳಸುತ್ತಿದ್ದ ಪೆಟ್ಟಿಗೆ 40, 30, 25. ಗುಣಿಸಿದರೆ 30,000, ಅಂದರೆ 6 ಕಿಲೋ. ಒಳಗಿದ್ದ ಹಣ್ಣು ಸುಮಾರು 4 ಕಿಲೋ! ಮಿಕ್ಕಿದ್ದು ಗಾಳಿಗೆ ಕೊಟ್ಟ ಬಾಡಿಗೆ. ಹಣ್ಣನ್ನು ಒಂದೇ ಪದರಕ್ಕೆ ಜೋಡಿಸಿ 36, 36, 18ರ ಪೆಟ್ಟಿಗೆ ಮಾಡಿಸಿದೆವು. ಲೆಕ್ಕ 5 ಕಿಲೋದೊಳಗೆ ಬಂತು. ರಾಗಿ ಹಿಟ್ಟಿಗೆ ಈ ತಾಪತ್ರಯವಿಲ್ಲ, ಅದು ತಕ್ಕಡಿಯ ತೂಕಕ್ಕೇ ಹೋಗುತ್ತದೆ.

ಈಗ ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಮೊದಲು "ಸಾಗಾಣಿಕೆ ಉಚಿತ" ಅಂತ ಹಾಕಿ, ಖರ್ಚನ್ನು ಹಣ್ಣಿನ ಬೆಲೆಯಲ್ಲೇ ಸೇರಿಸಿದೆವು. ದೊಡ್ಡಬಳ್ಳಾಪುರದ ಗಿರಾಕಿ ದೆಹಲಿಯ ಗಿರಾಕಿಯ ಬಾಡಿಗೆಯನ್ನೂ ಹೊತ್ತ. ಆಮೇಲೆ ಬೆಲೆ ಇಳಿಸಿ, ಸಾಗಾಣಿಕೆಯನ್ನು ಕೊನೆ ಗಳಿಗೆಯಲ್ಲಿ ತೋರಿಸಿದೆವು. ಜನ ಮೋಸ ಅಂದುಕೊಂಡು ಅರ್ಧದಲ್ಲೇ ಬಿಟ್ಟು ಹೋದರು. ಅವರದು ತಪ್ಪಲ್ಲ. 2020ರ ಇ-ವಾಣಿಜ್ಯ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಮಾರುವವರು ಒಟ್ಟು ಬೆಲೆಯನ್ನೂ, ಅದರಲ್ಲಿ ತಲುಪಿಸುವ ಖರ್ಚು, ತೆರಿಗೆ ಎಷ್ಟೆಷ್ಟು ಎಂಬುದನ್ನೂ ತೋರಿಸಬೇಕು. ಬೆಲೆಯ ಒಂದು ಭಾಗ ಮೊದಲು ಮುಚ್ಚಿಟ್ಟು ಆಮೇಲೆ ಹೊರತೆಗೆಯುವುದನ್ನು 2023ರ ಮಾರ್ಗಸೂಚಿಯೂ ತಡೆಯುತ್ತದೆ.

ಆದ್ದರಿಂದ ಸದಸ್ಯರ ಮುಂದೆ ನಮ್ಮ ಸಲಹೆ ಮೂರು. ಒಂದು, ಹಣ್ಣಿನ ಬೆಲೆಯ ಪಕ್ಕದಲ್ಲೇ ಯಾವ ಊರಿಗೆ ಎಷ್ಟು ಸಾಗಾಣಿಕೆ ಅಂತ ಮೊದಲೇ ಬರೆಯೋಣ. ಎರಡು, ಒಂದೇ ಬೀದಿಯ ನಾಲ್ಕು ಮನೆಯವರು ಕೂಡಿ ತರಿಸಿದರೆ ಖರ್ಚು ಹಂಚಿ ಹೋಗುತ್ತದೆ ಅಂತ ತಿಳಿಸೋಣ. ಮೂರು, ಹಣ್ಣು ಜಜ್ಜಿ ಹೋದರೆ ಯಾರ ಹೊಣೆ ಎಂಬುದನ್ನೂ ಬರೆಯೋಣ.

ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ನಿವೇಶನಗಳ ಹೊಡೆತಕ್ಕೆ ಮರಗಳು ಕಮ್ಮಿಯಾಗುತ್ತಿವೆ. ಗುರುತಿನ ಚೀಟಿಯಿಂದ ಮರ ಉಳಿಯಲ್ಲ. ಬೆಳೆದವನಿಗೆ ನಾಲ್ಕು ಕಾಸು ಮಿಕ್ಕರೆ ಉಳಿಯುತ್ತದೆ. ಆ ಕಾಸು ಪೆಟ್ಟಿಗೆಯ ಗಾಳಿಗೆ ಹೋಗಬಾರದು, ಗಿರಾಕಿಯ ಅನುಮಾನಕ್ಕೂ ಹೋಗಬಾರದು. ಬೆಚ್ಚಿ ಬಿಚ್ಚಿಡದ ಲೆಕ್ಕಕ್ಕಿಂತ ಬಿಚ್ಚಿಟ್ಟ ಲೆಕ್ಕವೇ ಲೇಸು.

ತಪ್ಪಿದ್ದರೆ ತಿದ್ದಿ.

ಜೈ ಸಹಕಾರ.